ಪಾಯ ತೋಡುವ ಮೊದಲು: ಮಣ್ಣು ಪರೀಕ್ಷೆ ಮಾಡಿಸಿ ಅದನ್ನು ಭೂಕಂಪದ ಲೆಕ್ಕಕ್ಕೆ ಬಳಸುವ ಬಗೆ

1964ರ ಜೂನ್ 16ರಂದು ಜಪಾನಿನ ನೀಗಾಟದಲ್ಲಿ ಭೂಕಂಪವಾಯಿತು. ಅಲ್ಲಿನ ಕವಾಗಿಶಿ-ಚೋ ಬಡಾವಣೆಯಲ್ಲಿದ್ದ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್‌ಗಳು ವಾಲಿದವು. ಅದರಲ್ಲೊಂದು ಹೆಚ್ಚೂಕಡಿಮೆ ಪೂರ್ತಿ ಮಲಗಿಯೇಬಿಟ್ಟಿತು. ಕಾಲಂ, ಬೀಮ್, ಗೋಡೆಗಳಿಗೆ ಹೆಚ್ಚೇನೂ ಆಗಿರಲಿಲ್ಲ. ಕೆಳಗಿದ್ದ ಸಡಿಲ ಮರಳು ನೀರು ಕುಡಿದು ಕೂತಿತ್ತು. ಅಲುಗಾಟ ಶುರುವಾದಾಗ ಅದು ಕೈಕೊಟ್ಟಿತು.

1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೊ ಸಿಟಿಯಲ್ಲಿ ಆದದ್ದೇ ಬೇರೆ. ಭೂಕಂಪದ ಕೇಂದ್ರ 350 ಕಿ.ಮೀ. ಆಚೆ, ಪೆಸಿಫಿಕ್ ಕರಾವಳಿಯಲ್ಲಿತ್ತು. ಊರಿನ ಗಟ್ಟಿ ನೆಲದ ಭಾಗದಲ್ಲಿ ಅಲುಗಾಟ ಸಣ್ಣದಾಗಿತ್ತು. ಹಳೆ ಕೆರೆಯ ಜೇಡಿಮಣ್ಣಿನ ಮೇಲೆ ಮಾತ್ರ ಅದು ಸುಮಾರು 5 ಪಟ್ಟು ಹೆಚ್ಚಾಯಿತು. ಸಾವಿರಾರು ಜನ ಸತ್ತರು.

ಒಂದು ಕಡೆ ನೆಲ ಬಲ ಕಳಕೊಂಡಿತು. ಇನ್ನೊಂದು ಕಡೆ ನೆಲವೇ ಅಲುಗಾಟವನ್ನು ದೊಡ್ಡದು ಮಾಡಿತು. ಮಣ್ಣು ಪರೀಕ್ಷೆ ಈ ಎರಡನ್ನೂ ಮೊದಲೇ ಹಿಡಿದು ಹೇಳಬೇಕು. ಆದರೆ ನಮ್ಮ ಕೈಗೆ ಬರುವ ಎಷ್ಟೋ ರಿಪೋರ್ಟ್‌ಗಳಲ್ಲಿ ಇರುವುದು ಒಂದೇ ಸಂಖ್ಯೆ: ನೆಲ ಎಷ್ಟು ಭಾರ ತಡೆಯುತ್ತದೆ ಅನ್ನುವ ಎಸ್‌ಬಿಸಿ. ನಿಂತ ಭಾರಕ್ಕೆ ಅದು ಸಾಕಾಗಬಹುದು. ಭೂಕಂಪಕ್ಕೆ ಖಂಡಿತ ಸಾಲದು. ಡ್ರಿಲ್ ಮೆಷಿನ್ ಜಾಗ ಬಿಟ್ಟು ಹೋದ ಮೇಲೆ ಭೂಕಂಪದ ಪ್ರಶ್ನೆ ಕೇಳಿದರೆ ಪ್ರಯೋಜನವಿಲ್ಲ. ಅದಕ್ಕೆ ಬೇಕಾದ ಆಳಕ್ಕೆ ಬೋರ್ (ಮಣ್ಣು ನೋಡಲು ಕೊರೆಯುವ ತೂತು) ಹೋಗಿರುವುದಿಲ್ಲ, ಬೇಕಾದ ಸ್ಯಾಂಪಲ್ ತೆಗೆದಿರುವುದಿಲ್ಲ. ಹಾಗಾಗಿ ಇಲ್ಲಿ ಮಣ್ಣು ಪರೀಕ್ಷೆ, ಭೂಕಂಪದ ಲೆಕ್ಕ ಎರಡನ್ನೂ ಜೊತೆಯಾಗಿಯೇ ಹೇಳುತ್ತೇನೆ. ಕಟ್ಟಡ ಕಟ್ಟಿಸುವವರಿಗೂ, ಈಗಷ್ಟೇ ಕೆಲಸಕ್ಕೆ ಸೇರಿದ ಇಂಜಿನಿಯರ್‌ಗಳಿಗೂ ಇದು ಉಪಯೋಗವಾಗಲಿ ಅಂತ ನನ್ನ ಆಸೆ.

1. ಮೊದಲು ಜಾಗದ ಹಳೆಯದನ್ನು ಕೇಳಿ ತಿಳಿಯಿರಿ

ಇದಕ್ಕೆ ಖರ್ಚು ಕಡಿಮೆ, ಆದರೂ ಜನ ಬಿಟ್ಟುಬಿಡುವುದು ಇದನ್ನೇ. ಆ ಜಾಗ ಹಿಂದೆ ಏನಾಗಿತ್ತು? ಕೆರೆಯಂಗಳವೇ? ಹಳ್ಳ ಹರಿಯುತ್ತಿದ್ದ ದಾರಿಯೇ? ಕಲ್ಲು ತೆಗೆದು ಮುಚ್ಚಿದ ಗುಂಡಿಯೇ? ಹಳೆ ಸರ್ವೆ ನಕ್ಷೆ, ಹಳೆ ಉಪಗ್ರಹ ಚಿತ್ರ, ಭೂವಿಜ್ಞಾನ ನಕ್ಷೆ, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಸ ನಕ್ಷೆಯಲ್ಲಿ ಸಪಾಟಾಗಿ ಕಾಣುವ ಜಾಗ ಹಳೆಯದರಲ್ಲಿ ನೀಲಿ ಬಣ್ಣದಲ್ಲಿದ್ದರೆ ಅಲ್ಲಿಗೇ ಒಂದು ದೊಡ್ಡ ಸುಳಿವು ಸಿಕ್ಕಿತು.

ಸ್ಯಾನ್ ಫ್ರಾನ್ಸಿಸ್ಕೊದ ಮರೀನಾ ಬಡಾವಣೆ ಕೊಲ್ಲಿಯ ಅಂಚಿಗೆ ಮಣ್ಣು ತುಂಬಿ ಮಾಡಿದ ಜಾಗ. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೇಟಾ ಭೂಕಂಪದ ಕೇಂದ್ರ ಅಲ್ಲಿಂದ ಸುಮಾರು 100 ಕಿ.ಮೀ. ದೂರದಲ್ಲಿತ್ತು. ಆದರೂ ಅಲ್ಲಿ ಮನೆಗಳು ಕುಸಿದವು, ಗ್ಯಾಸ್ ಪೈಪ್ ಒಡೆದು ಬೆಂಕಿ ಹತ್ತಿತು. ಅದು ತುಂಬಿದ ಜಾಗ ಅನ್ನುವುದು ಹಳೆ ನಕ್ಷೆ ನೋಡಿದ ಯಾರಿಗಾದರೂ ಗೊತ್ತಾಗುವಂಥದ್ದು.

ಆಮೇಲೆ ಜಾಗಕ್ಕೆ ಹೋಗಿ ಸುತ್ತಾಡಿ. ಅಕ್ಕಪಕ್ಕದ ಕಟ್ಟಡಗಳಲ್ಲಿ ಬಿರುಕು ಎಲ್ಲಿ, ಯಾವ ದಿಕ್ಕಿಗೆ ಬಿಟ್ಟಿದೆ ನೋಡಿ. ಬಾವಿಗಳಿದ್ದರೆ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಅಲ್ಲಿ ಬಹಳ ಕಾಲದಿಂದ ಇರುವವರನ್ನು ಕೇಳಿ. ಇಳಿಜಾರಾಗಿದ್ದರೆ ಮೇಲೂ ಕೆಳಗೂ ನೋಡಿ. ಮರದ ಬುಡಗಳು ಒಂದೇ ಕಡೆ ಬಾಗಿದ್ದರೆ ಮಣ್ಣು ನಿಧಾನಕ್ಕೆ ಜಾರುತ್ತಿರಬಹುದು. ಅಂಥ ಇಳಿಜಾರು ಭೂಕಂಪದಲ್ಲಿ ಒಂದೇ ಸಲಕ್ಕೆ ಜಾರುವ ಅಪಾಯವಿದೆ. ಹತ್ತಿರದಲ್ಲಿ ಸಕ್ರಿಯ ಫಾಲ್ಟ್ (ಭೂಕಂಪ ಹುಟ್ಟುವ ನೆಲದಾಳದ ಬಿರುಕು) ಇದೆಯೇ, ನಿಮ್ಮ ದೇಶದ ಕೋಡ್, ಅಂದರೆ ಕಟ್ಟಡ ನಿಯಮಾವಳಿ, ಆ ಜಾಗವನ್ನು ಯಾವ ಭೂಕಂಪ ವಲಯದಲ್ಲಿ ಹಾಕಿದೆ ಅನ್ನುವುದನ್ನೂ ಈಗಲೇ ಬರೆದಿಟ್ಟುಕೊಳ್ಳಿ.

2. ಎಷ್ಟು ಬೋರ್, ಎಷ್ಟು ಆಳ

ಒಂದೇ ಬೋರ್ ಹಾಕಿದರೆ ಆ ಒಂದು ಬಿಂದುವಿನ ಕೆಳಗೆ ಏನಿದೆ ಅನ್ನುವುದಷ್ಟೇ ಗೊತ್ತಾಗುತ್ತದೆ. ಎರಡು ಹಾಕಿದರೆ ಪದರ ಆ ಎರಡರ ನಡುವೆ ಎತ್ತ ಇಳಿದಿದೆ ಅಂತ ಹೇಳಬಹುದು, ಅಡ್ಡಕ್ಕೆ ಹೇಗಿದೆ ಅಂತ ಹೇಳಲಾಗದು. ಪದರದ ಇಳಿಜಾರು ತಿಳಿಯಲು ಒಂದೇ ಸಾಲಿನಲ್ಲಿಲ್ಲದ ಮೂರಾದರೂ ಬೇಕು. ಸುಮಾರು ಒಂದು ಎಕರೆಯ ಜಾಗಕ್ಕೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಹಾಕುವುದು ಹಳೆಯ ರೂಢಿ. ಎತ್ತರದ ಕಟ್ಟಡಕ್ಕೆ ಯುರೋಪಿನ ಕೋಡ್ ಆದ ಯೂರೋಕೋಡ್ 7ರ 2007ರ ಆವೃತ್ತಿ ಹೇಳಿದ್ದು 15ರಿಂದ 40 ಮೀಟರ್ ಅಂತರ. ಮೆಷಿನ್ ನಿಲ್ಲಿಸಲು ಅನುಕೂಲ ಅಂತ ಗೇಟ್ ಪಕ್ಕದಲ್ಲೇ ಎಲ್ಲ ಬೋರ್ ಹಾಕುವುದಕ್ಕೆ ಒಪ್ಪಬೇಡಿ. ಜಾಸ್ತಿ ಭಾರ ಬರುವ ಕಾಲಂ, ಲಿಫ್ಟ್ ಗುಂಡಿ, ಹಳೆ ನಕ್ಷೆಯಲ್ಲಿ ಅನುಮಾನ ಬಂದ ಮೂಲೆ, ಇಲ್ಲೆಲ್ಲ ಬೋರ್ ಇರಲೇಬೇಕು.

ಪಾಯದ ಭಾರ ಮಣ್ಣಿಗೆ ತಟ್ಟುವುದು ಪಾಯದ ಅಗಲದ ಒಂದೂವರೆಯಿಂದ ಎರಡು ಪಟ್ಟು ಆಳದವರೆಗೆ. 2 ಮೀಟರ್ ಅಗಲದ ಫೂಟಿಂಗ್ (ಒಂದು ಕಾಲಂ ಕೆಳಗಿನ ಬಿಡಿ ಪಾಯ) ಆದರೆ ಅದರ ತಳದಿಂದ ಇನ್ನು 4 ಮೀಟರ್ ಸಾಕು. 20 ಮೀಟರ್ ಅಗಲದ ರಾಫ್ಟ್ (ಇಡೀ ಕಟ್ಟಡಕ್ಕೆ ಒಂದೇ ಹಾಸಿನ ಪಾಯ) ಆದರೆ 30 ಮೀಟರ್ ಕೆಳಗಿನ ಜೇಡಿಯೂ ಕುಗ್ಗಿ ಕಟ್ಟಡವನ್ನು ಇಳಿಸಬಹುದು. ಪೈಲ್, ಅಂದರೆ ನೆಲದಾಳಕ್ಕೆ ಇಳಿಸುವ ಕಂಬ, ಹಾಕುವುದಾದರೆ ಅದರ ತುದಿಯಿಂದ ಕೆಳಕ್ಕೆ ಕನಿಷ್ಠ 5 ಮೀಟರ್ ನೋಡಬೇಕು.

ಭೂಕಂಪದ ಲೆಕ್ಕಕ್ಕೆ ಇದಿಷ್ಟು ಸಾಲುವುದಿಲ್ಲ. ಮೇಲಿನ 30 ಮೀಟರ್ ಮಣ್ಣು ಹೇಗಿದೆ ಅನ್ನುವುದರ ಮೇಲೆ ಕೋಡ್‌ಗಳು ನೆಲದ ವರ್ಗ ಹೇಳುತ್ತವೆ. ಹಾಗಾಗಿ ಒಂದು ಬೋರ್ ಆದರೂ 30 ಮೀಟರ್‌ಗೆ ಹೋಗಲಿ, ಇಲ್ಲವೇ ಅದಕ್ಕೂ ಮೊದಲೇ ಗಟ್ಟಿ ಬಂಡೆ ಸಿಗಲಿ. ಮರಳು, ಹೂಳು ಇರುವ ಕಡೆ ಉಳಿದ ಬೋರ್‌ಗಳನ್ನೂ 15ರಿಂದ 20 ಮೀಟರ್‌ವರೆಗೆ ಒಯ್ಯಿರಿ. ಮಣ್ಣು ನೀರಿನಂತಾಗುವ ಅಪಾಯ ಜಾಸ್ತಿ ಇರುವುದು ಆ ಆಳದೊಳಗೇ. ಇದನ್ನೆಲ್ಲ ಕೆಲಸದ ಆರ್ಡರ್‌ನಲ್ಲಿ ಬರೆದೇ ಕೊಡಿ. ಆ ಆರ್ಡರ್ ಬರೆಯುವಾಗ ಸ್ಟ್ರಕ್ಚರಲ್ ಇಂಜಿನಿಯರ್ ಪಕ್ಕದಲ್ಲಿರಲಿ. ಕಟ್ಟಡದ ಎತ್ತರ, ಕಾಲಂ ಭಾರ, ಬೇಸ್‌ಮೆಂಟ್ ಎಷ್ಟು ಅಂತ ಗೊತ್ತಿರುವುದು ಅವರಿಗೆ.

3. ಬೋರ್ ಹಾಕುವಾಗ ಪಕ್ಕದಲ್ಲೇ ನಿಲ್ಲಿ

ನನ್ನ ಪ್ರಕಾರ ಇಡೀ ಕೆಲಸದ ಜೀವಾಳ ಈ ಹಂತ. ಇಲ್ಲಿ ತಪ್ಪಾದರೆ ಆಮೇಲೆ ಯಾವ ಸಾಫ್ಟ್‌ವೇರ್ ಕೂಡ ಅದನ್ನು ಸರಿಮಾಡುವುದಿಲ್ಲ.

ಹೆಚ್ಚು ಕಡೆ ಮಾಡುವ ಪರೀಕ್ಷೆ ಎಸ್‌ಪಿಟಿ. 63.5 ಕೆ.ಜಿ. ತೂಕದ ಹ್ಯಾಮರ್ ಅನ್ನು ಸುಮಾರು 760 ಮಿ.ಮೀ. ಎತ್ತರದಿಂದ ಬಿಡುತ್ತಾರೆ. ರಾಡ್‌ನ ತುದಿಯಲ್ಲಿರುವ ದಪ್ಪ ಗೋಡೆಯ ಕೊಳವೆ ಮಣ್ಣಿಗೆ ಇಳಿಯುತ್ತದೆ. ಒಟ್ಟು 450 ಮಿ.ಮೀ. ಇಳಿಸಬೇಕು. ಪ್ರತಿ 150 ಮಿ.ಮೀ.ಗೆ ಎಷ್ಟು ಏಟು ಬಿತ್ತು ಅಂತ ಬೇರೆ ಬೇರೆ ಎಣಿಸುತ್ತಾರೆ. ಮೊದಲ 150ರದ್ದನ್ನು ಬಿಟ್ಟು ಮುಂದಿನ ಎರಡನ್ನು ಕೂಡಿದರೆ ಸಿಗುವುದೇ ಎನ್ ವ್ಯಾಲ್ಯೂ. ಮೇಲ್ಭಾಗದ ಮಣ್ಣು ಡ್ರಿಲ್‌ನಿಂದ ಕದಡಿರುತ್ತದೆ, ಅದಕ್ಕೇ ಮೊದಲನೆಯದನ್ನು ಬಿಡುವುದು.

ರಿಪೋರ್ಟ್‌ನಲ್ಲಿ ಬರೀ ಎನ್ ಕೊಟ್ಟಿದ್ದರೆ ಮೂರೂ ಸಂಖ್ಯೆ ಕೇಳಿ ಪಡೆಯಿರಿ. ಉದಾಹರಣೆಗೆ 4, 6, 7 ಅಂತಿದ್ದರೆ ಎನ್ 13. ಪದರ ಒಂದೇ ಥರ ಇದೆ, ನಂಬಬಹುದು. ಅದೇ 4, 6, 25 ಅಂತಿದ್ದರೆ ಎನ್ 31 ಆಗುತ್ತದೆ. ನೋಡಲು ಗಟ್ಟಿ ನೆಲ. ನಿಜದಲ್ಲಿ ಕೊಳವೆಯ ಬಾಯಿಗೆ ಕಲ್ಲು ಸಿಕ್ಕಿರಬಹುದು, ಇಲ್ಲವೇ ಅಲ್ಲಿಂದ ಬೇರೆ ಪದರ ಶುರುವಾಗಿರಬಹುದು. ಆ 31ನ್ನು ಹಾಗೇ ತೆಗೆದುಕೊಂಡು ಪಾಯ ಡಿಸೈನ್ ಮಾಡಿದರೆ ಅದರ ಮೇಲಿರುವ ಸಡಿಲ ಮಣ್ಣು ಲೆಕ್ಕದಿಂದಲೇ ಮಾಯ.

ಬೋರ್ ತಳ ಕ್ಲೀನ್ ಆಗಿದೆಯೇ ಅಂತ ನೋಡುವ ಸುಲಭ ದಾರಿ ಒಂದಿದೆ. 6 ಮೀಟರ್ ಕೊರೆದಿದ್ದಾರೆ ಅನ್ನಿ. ರಾಡ್ ಇಳಿಸಿದಾಗ ಅದು 5.6 ಮೀಟರ್‌ನಲ್ಲೇ ನಿಂತರೆ ತಳದಲ್ಲಿ 40 ಸೆಂ.ಮೀ. ಕೆಸರು, ಉದುರಿದ ಮಣ್ಣು ಕೂತಿದೆ ಅಂತ ಅರ್ಥ. ಅದರ ಮೇಲೆ ಹೊಡೆದು ಬರೆದ ಸಂಖ್ಯೆಗೆ ಬೆಲೆಯಿಲ್ಲ. ತೊಳೆದು ಮತ್ತೆ ಮಾಡಿಸಿ.

ಮರಳಿನಲ್ಲಿ ಇನ್ನೊಂದು ತೊಂದರೆ. ಬೋರ್ ಒಳಗಿನ ನೀರು ಹೊರಗಿನ ಅಂತರ್ಜಲಕ್ಕಿಂತ ಕೆಳಗೆ ಹೋದರೆ ಹೊರಗಿನ ನೀರು ತಳದಿಂದ ನುಗ್ಗುತ್ತದೆ. ಜೊತೆಗೆ ಮರಳನ್ನೂ ಕದಡಿ ಸಡಿಲ ಮಾಡುತ್ತದೆ. ಆಗ ಗಟ್ಟಿ ಮರಳೂ ಮೆತ್ತಗೆ ಕಾಣುತ್ತದೆ. ಬೋರ್ ಒಳಗೆ ನೀರು ಅಥವಾ ಬೆಂಟೊನೈಟ್ ಜೇಡಿಯ ದ್ರವ ಯಾವಾಗಲೂ ಅಂತರ್ಜಲದ ಮಟ್ಟಕ್ಕಿಂತ ಮೇಲೇ ಇರಬೇಕು. ರಾಡ್ ಮೇಲೆತ್ತುವಾಗಲೂ ನಿಧಾನ ಇರಲಿ.

ಹ್ಯಾಮರ್ ಯಾವ ಬಗೆಯದು ಅನ್ನುವುದನ್ನು ಬೋರ್‌ನ ದಾಖಲೆಯಾದ ಲಾಗ್‌ನಲ್ಲಿ ಬರೆಸಿ. ಹಗ್ಗ ಸುತ್ತಿ ಕೈಯಲ್ಲಿ ಎಳೆದು ಬಿಡುವ ಹಳೆ ಹ್ಯಾಮರ್‌ನ ಏಟಿನಲ್ಲಿ ರಾಡ್‌ಗೆ ತಲುಪುವ ಶಕ್ತಿ ಸುಮಾರು ಶೇ. 45 ಮಾತ್ರ. ಆಟೋಮ್ಯಾಟಿಕ್ ಹ್ಯಾಮರ್‌ನಲ್ಲಿ ಶೇ. 80ರ ಹತ್ತಿರ. ಭೂಕಂಪದ ಲೆಕ್ಕಗಳೆಲ್ಲ ಶೇ. 60ಕ್ಕೆ ತಿದ್ದಿದ ಎನ್ ಕೇಳುತ್ತವೆ. ಹಾಗಾಗಿ ಎಣಿಸಿದ 20 ಏಟು ಮೊದಲನೆಯದರಲ್ಲಿ 15 ಆಗುತ್ತದೆ, ಎರಡನೆಯದರಲ್ಲಿ 27 ಹತ್ತಿರ ಆಗುತ್ತದೆ. ಎಣಿಕೆ ಒಂದೇ, ನೆಲ ಮಾತ್ರ ಬೇರೆ ಬೇರೆ. ಇದಾದ ಮೇಲೆ ಮೇಲಿನ ಮಣ್ಣಿನ ಭಾರಕ್ಕೂ ತಿದ್ದಬೇಕು. ಯಾಕೆಂದರೆ ಆಳದಲ್ಲಿರುವ ಮರಳು ಭಾರದ ಒತ್ತಡದಿಂದಲೇ ಜಾಸ್ತಿ ಏಟು ಕೇಳುತ್ತದೆ.

ಕೊಳವೆಯಲ್ಲಿ ಬಂದ ಮಣ್ಣನ್ನು ಅಲ್ಲೇ ಕೈಯಲ್ಲಿ ಹಿಡಿದು ನೋಡಿ. ಬಣ್ಣ, ವಾಸನೆ, ಕಪ್ಪೆಚಿಪ್ಪು, ಬೇರು, ಇಟ್ಟಿಗೆ ಚೂರು, ಪ್ಲಾಸ್ಟಿಕ್ ಏನೇ ಇದ್ದರೂ ಬರೆಯಿರಿ. 4 ಮೀಟರ್ ಆಳದಲ್ಲಿ ಇಟ್ಟಿಗೆ ಚೂರು ಸಿಕ್ಕರೆ ಆ 4 ಮೀಟರ್ ಯಾರೋ ತಂದು ಸುರಿದದ್ದು.

4. ಎಸ್‌ಪಿಟಿ ಸಾಲದ ಕಡೆ

ಮೆತ್ತನೆ ಜೇಡಿಯಲ್ಲಿ ಎಸ್‌ಪಿಟಿ ನಂಬಬೇಡಿ. ಎನ್ 1 ಅಂತಲೋ 2 ಅಂತಲೋ ಬರುತ್ತದೆ, ಅದರಿಂದ ಬಲ ಲೆಕ್ಕ ಹಾಕಲಾಗದು. ಅಲ್ಲಿ ವೇನ್ ಪರೀಕ್ಷೆ ಮಾಡಿಸಿ. ನಾಲ್ಕು ರೆಕ್ಕೆಯ ಸಾಧನವನ್ನು ಮಣ್ಣಿಗೆ ಒತ್ತಿ ನಿಧಾನಕ್ಕೆ ತಿರುಗಿಸುತ್ತಾರೆ. ಮಣ್ಣು ಕತ್ತರಿಸಿಹೋಗಲು ಬೇಕಾದ ತಿರುಚು ಬಲದಿಂದ ಅದರ ಗಟ್ಟಿತನ ಸಿಗುತ್ತದೆ. ಆಮೇಲೆ ಅದನ್ನು ಜೋರಾಗಿ ಹಲವು ಸುತ್ತು ತಿರುಗಿಸಿ ಮತ್ತೆ ಅಳೆಯಬೇಕು. ಬಲ ತೀರಾ ಬಿದ್ದುಹೋದರೆ ಅಂಥ ಜೇಡಿ ಭೂಕಂಪದಲ್ಲಿ ಅಪಾಯಕಾರಿ.

ಮರಳು, ಹೂಳು, ಜೇಡಿ ತೆಳು ಪದರಗಳಾಗಿ ಒಂದರ ಮೇಲೊಂದು ಇದ್ದರೆ ಸಿಪಿಟಿ ಒಳ್ಳೆಯದು. 60 ಡಿಗ್ರಿ ಮೊನೆಯ ಕೋನ್ ಅನ್ನು ಸೆಕೆಂಡಿಗೆ 2 ಸೆಂ.ಮೀ. ವೇಗದಲ್ಲಿ ಒತ್ತುತ್ತಾ ಹೋಗುತ್ತಾರೆ. ತುದಿಯ ತಡೆ, ಪಕ್ಕದ ಘರ್ಷಣೆ, ನೀರಿನ ಒತ್ತಡ ಮೂರೂ ಬಿಡದೆ ದಾಖಲಾಗುತ್ತವೆ. ಎಸ್‌ಪಿಟಿಯಲ್ಲಿ ಒಂದೂವರೆ ಮೀಟರಿಗೊಂದು ಸಂಖ್ಯೆ ಸಿಕ್ಕರೆ ಇಲ್ಲಿ ಕೆಲವೇ ಸೆಂ.ಮೀ.ಗೊಂದು ಸಿಗುತ್ತದೆ. ಎರಡು ಎಸ್‌ಪಿಟಿಗಳ ನಡುವೆ ತಪ್ಪಿಸಿಕೊಂಡ ಅರ್ಧ ಮೀಟರ್ ಸಡಿಲ ಮರಳು ಇಲ್ಲಿ ಸಿಕ್ಕಿಬೀಳುತ್ತದೆ. ಕೊರತೆ ಅಂದರೆ ಮಣ್ಣಿನ ಸ್ಯಾಂಪಲ್ ಬರುವುದಿಲ್ಲ, ದಪ್ಪ ಜಲ್ಲಿ ಇದ್ದರೆ ಕೋನ್ ಮುಂದೆ ಹೋಗುವುದಿಲ್ಲ. ಒಂದು ಬೋರ್ ಪಕ್ಕದಲ್ಲಿ ಒಂದು ಸಿಪಿಟಿ ಮಾಡಿಸಿ ಹೊಂದಿಸಿ ನೋಡುವುದು ಚೆನ್ನಾಗಿ ನಡೆಯುತ್ತದೆ.

ಪ್ಲೇಟ್ ಲೋಡ್ ಪರೀಕ್ಷೆ ಬಗ್ಗೆ ಒಂದು ಎಚ್ಚರಿಕೆ. ಅರ್ಧ ಮೀಟರ್ ಪ್ಲೇಟ್‌ಗೆ ತಿಳಿಯುವುದು ಅದರ ಕೆಳಗಿನ ಒಂದು ಮೀಟರ್ ಕಥೆ ಅಷ್ಟೇ. ಅದನ್ನು ನೋಡಿ ಇಡೀ ರಾಫ್ಟ್‌ಗೆ ತೀರ್ಮಾನ ಮಾಡುವುದು ತಪ್ಪು.

5. ನೀರು ಮತ್ತು ಲ್ಯಾಬ್

ಬೋರ್ ಮುಗಿದ ತಕ್ಷಣ ಕಾಣುವ ನೀರಿನ ಮಟ್ಟ ನಿಜವಾದದ್ದಲ್ಲ, ಕೊರೆಯಲು ಹಾಕಿದ ನೀರೂ ಅದರಲ್ಲಿ ಸೇರಿರುತ್ತದೆ. 24 ಗಂಟೆ ಬಿಟ್ಟು ಅಳೆಯಿರಿ. ಜೇಡಿಯಲ್ಲಿ ಅದಕ್ಕೂ ಜಾಸ್ತಿ ಹೊತ್ತು ಬೇಕು. ಸಾಧ್ಯವಾದರೆ ಒಂದು ಬೋರ್‌ನಲ್ಲಿ ತೂತಿನ ಪೈಪ್ ಇಳಿಸಿ ಉಳಿಸಿಕೊಳ್ಳಿ, ಮಳೆಗಾಲದಲ್ಲಿ ಮತ್ತೆ ಅಳೆಯಬಹುದು. ಇದು ಯಾಕೆ ಅಷ್ಟು ಮುಖ್ಯ ಅನ್ನುವುದನ್ನು 7ನೇ ಹಂತದಲ್ಲಿ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಎಸ್‌ಪಿಟಿ ಕೊಳವೆಯ ಮಣ್ಣು ಕದಡಿರುತ್ತದೆ. ಜರಡಿ, ಲಿಕ್ವಿಡ್ ಲಿಮಿಟ್, ಪ್ಲಾಸ್ಟಿಕ್ ಲಿಮಿಟ್ (ಎಷ್ಟು ನೀರಿಗೆ ಮಣ್ಣು ಹರಿಯುವಂತಾಗುತ್ತದೆ, ಎಷ್ಟಕ್ಕೆ ಕಣಕದಂತೆ ಮೆತ್ತಗಾಗುತ್ತದೆ) ಪರೀಕ್ಷೆಗೆ ಅದು ಸಾಕು. ಜೇಡಿ ಎಷ್ಟು ಕುಗ್ಗುತ್ತದೆ, ಎಷ್ಟು ಬಲವಿದೆ ಅಂತ ತಿಳಿಯಲು ತೆಳು ಗೋಡೆಯ ಕೊಳವೆಯಲ್ಲಿ ಕದಡದ ಸ್ಯಾಂಪಲ್ ತೆಗೆದು, ಎರಡೂ ಬಾಯಿಗೆ ಮೇಣ ಹಚ್ಚಿ, ಕುಲುಕದೆ ಲ್ಯಾಬ್‌ಗೆ ಸಾಗಿಸಬೇಕು. ನೀರಿನಲ್ಲೂ ಮಣ್ಣಿನಲ್ಲೂ ಸಲ್ಫೇಟ್, ಕ್ಲೋರೈಡ್ ನೋಡಿಸಿ, ಕಾಂಕ್ರೀಟ್ ಮತ್ತು ಕಬ್ಬಿಣದ ಆಯಸ್ಸಿನ ಪ್ರಶ್ನೆ ಅದು. ಜರಡಿಯಲ್ಲಿ 75 ಮೈಕ್ರಾನ್‌ಗಿಂತ ಸಣ್ಣ ಕಣ ಶೇಕಡಾ ಎಷ್ಟು ಅನ್ನುವ ಸಂಖ್ಯೆ ಪ್ರತಿ ಮರಳು ಪದರಕ್ಕೂ ಬೇಕು. ಅದು ಇಲ್ಲದೆ ಮುಂದಿನ ಲೆಕ್ಕ ಅರ್ಧಂಬರ್ಧ.

6. ನೆಲದ ಅಲೆವೇಗ

ಭೂಕಂಪದ ಶಿಯರ್ ಅಲೆ (ನೆಲವನ್ನು ಅಡ್ಡಡ್ಡ ಅಲುಗಿಸುವ ಅಲೆ) ಮಣ್ಣಿನಲ್ಲಿ ಎಷ್ಟು ವೇಗವಾಗಿ ಸಾಗುತ್ತದೆ ಅನ್ನುವುದು ನೆಲದ ಗಟ್ಟಿತನ ಹೇಳುವ ಒಳ್ಳೆ ಅಳತೆ. ಅಳೆಯುವ ಸುಲಭ ವಿಧಾನ ಎಂಎಎಸ್‌ಡಬ್ಲ್ಯೂ. ನೆಲದ ಮೇಲೆ ಒಂದೇ ಸಾಲಿನಲ್ಲಿ 24 ಜಿಯೋಫೋನ್ (ನೆಲದ ಕಂಪನ ಹಿಡಿಯುವ ಸಾಧನ) ಚುಚ್ಚುತ್ತಾರೆ. ಸಾಲಿನ ತುದಿಯಲ್ಲಿ ಕಬ್ಬಿಣದ ತಟ್ಟೆ ಇಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆಯುತ್ತಾರೆ. ಮೇಲ್ಮೈ ಅಲೆ ಒಂದೊಂದು ಫೋನ್‌ಗೆ ಯಾವಾಗ ತಲುಪಿತು ಅನ್ನುವುದರಿಂದ ಕೆಳಗಿನ ಪದರಗಳ ವೇಗ ಲೆಕ್ಕ ಹಾಕುತ್ತಾರೆ. ಬೋರ್ ಒಳಗೇ ಫೋನ್ ಇಳಿಸಿ ಅಳೆಯುವ ಡೌನ್‌ಹೋಲ್ ವಿಧಾನ ಇನ್ನೂ ನಂಬಿಕೆಯದು. ಮುಖ್ಯ ಕಟ್ಟಡವಾದರೆ ಅದನ್ನೇ ಮಾಡಿಸಿ. ಪದರಗಳಲ್ಲಿ ಬಾಗಿ ಬರುವ ಅಲೆಯನ್ನು ನೋಡುವ ರಿಫ್ರ್ಯಾಕ್ಷನ್ ವಿಧಾನ ಒಂದನ್ನೇ ನೆಚ್ಚಿದರೆ ಗಟ್ಟಿ ಪದರದ ಕೆಳಗೆ ಅಡಗಿದ ಮೆತ್ತನೆ ಪದರ ಕಾಣುವುದೇ ಇಲ್ಲ.

ಮೇಲಿನ 30 ಮೀಟರ್‌ನ ಸರಾಸರಿ ವೇಗಕ್ಕೆ ವಿಎಸ್‌30 ಅನ್ನುತ್ತಾರೆ. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. 6 ಮೀಟರ್ ಪದರದಲ್ಲಿ ಸೆಕೆಂಡಿಗೆ 150 ಮೀಟರ್, ಮುಂದಿನ 10 ಮೀಟರ್‌ನಲ್ಲಿ 250, ಕೊನೆಯ 14 ಮೀಟರ್‌ನಲ್ಲಿ 400 ಅನ್ನಿ. ದಪ್ಪದ ಲೆಕ್ಕದಲ್ಲಿ ಸರಾಸರಿ ತೆಗೆದರೆ 300 ಬರುತ್ತದೆ. ಅದು ಸರಿಯಲ್ಲ. ಅಲೆಗೆ ಹಿಡಿದ ಸಮಯ ಕೂಡಬೇಕು: 0.040, 0.040, 0.035, ಒಟ್ಟು 0.115 ಸೆಕೆಂಡ್. 30 ಮೀಟರನ್ನು ಇದರಿಂದ ಭಾಗಿಸಿದರೆ ಸಿಗುವುದು ಸುಮಾರು 260. ಮೆತ್ತನೆ ಪದರ ಸಮಯ ಜಾಸ್ತಿ ತಿನ್ನುವುದರಿಂದ ಸಂಖ್ಯೆಯನ್ನೂ ಕೆಳಕ್ಕೆಳೆಯುತ್ತದೆ.

2004ರ ಯೂರೋಕೋಡ್ 8ರಲ್ಲಿ 800ಕ್ಕಿಂತ ಮೇಲಿದ್ದರೆ ಎ ವರ್ಗ, 360ರಿಂದ 800 ಬಿ, 180ರಿಂದ 360 ಸಿ, 180ಕ್ಕಿಂತ ಕೆಳಗೆ ಡಿ. ಬೇರೆ ಕೋಡ್‌ಗಳಲ್ಲಿ ಗೆರೆಗಳು ಸ್ವಲ್ಪ ಬೇರೆ ಕಡೆ ಇವೆ, ಕೆಲವು ಕೋಡ್ ಎನ್ ವ್ಯಾಲ್ಯೂ ಮೇಲೂ ವರ್ಗ ಹೇಳುತ್ತವೆ. ಯಾವ ಕೋಡ್‌ಗೆ ಡಿಸೈನ್ ಮಾಡುತ್ತೀರೋ ಅದರ ವರ್ಗವನ್ನೇ ಹಿಡಿಯಿರಿ. ಒಂದರ ವರ್ಗ, ಇನ್ನೊಂದರ ಗ್ರಾಫ್ ಬೆರೆಸಬೇಡಿ.

ಇನ್ನೊಂದು ಸಣ್ಣ ಲೆಕ್ಕ ಪ್ರತಿಯೊಬ್ಬರೂ ಮಾಡಬಹುದು. ಮೆತ್ತನೆ ಪದರದ ದಪ್ಪವನ್ನು 4ರಿಂದ ಗುಣಿಸಿ ಅಲೆವೇಗದಿಂದ ಭಾಗಿಸಿದರೆ ಆ ನೆಲ ಒಂದು ಸಲ ತೂಗಲು ಹಿಡಿಯುವ ಸಮಯ ಸಿಗುತ್ತದೆ. ಮೆಕ್ಸಿಕೊ ಸಿಟಿಯ ಕೆರೆ ಭಾಗದಲ್ಲಿ ತುಂಬಾ ಹಾನಿಯಾದ ಕಡೆ ಸುಮಾರು 35ರಿಂದ 40 ಮೀಟರ್ ಜೇಡಿ, ವೇಗ ಸೆಕೆಂಡಿಗೆ ಸುಮಾರು 75 ಮೀಟರ್. ಲೆಕ್ಕ ಹಾಕಿದರೆ 2 ಸೆಕೆಂಡ್. ಕಟ್ಟಡದ ಕಡೆ ಒರಟು ಲೆಕ್ಕ ಅಂದರೆ ಮಹಡಿಗೆ 0.1 ಸೆಕೆಂಡ್. ಬಿರುಕು ಬಿಟ್ಟು ಸಡಿಲವಾಗುತ್ತಾ ಹೋದಂತೆ ಕಟ್ಟಡದ ಸಮಯ ಇನ್ನೂ ಉದ್ದವಾಗುತ್ತದೆ. ಅಲ್ಲಿ ಹೆಚ್ಚು ಬಿದ್ದದ್ದು ಸುಮಾರು 6ರಿಂದ 15 ಮಹಡಿಯವು, ತೀರಾ ಚಿಕ್ಕವು ಬಚಾವಾದವು. ನೆಲದ ತೂಗಾಟಕ್ಕೂ ಕಟ್ಟಡದ ತೂಗಾಟಕ್ಕೂ ತಾಳ ಕೂಡಿತು, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ.

ನಿಮ್ಮ ಜಾಗದಲ್ಲಿ 30 ಮೀಟರ್ ಮಣ್ಣು, ವೇಗ 150 ಇದ್ದರೆ ನೆಲದ ಸಮಯ 0.8 ಸೆಕೆಂಡ್. ಅಲ್ಲಿ 8 ಮಹಡಿ ಕಟ್ಟುವ ಯೋಚನೆ ಇದ್ದರೆ ಸ್ಟ್ರಕ್ಚರಲ್ ಇಂಜಿನಿಯರ್ ಜೊತೆ ಈಗಲೇ ಕೂತು ಮಾತಾಡಿ. ಶಿಯರ್ ವಾಲ್ (ಅಡ್ಡ ಅಲುಗಾಟ ತಡೆಯುವ ಕಾಂಕ್ರೀಟ್ ಗೋಡೆ) ಸೇರಿಸಿ ಕಟ್ಟಡವನ್ನು ಬಿಗಿ ಮಾಡಬಹುದು, ಎತ್ತರ ಬದಲಿಸಬಹುದು. ಎಲ್ಲಕ್ಕೂ ಈಗ ಅವಕಾಶವಿದೆ.

7. ಮರಳು ನೀರಾಗುತ್ತದೆಯೇ?

ಲಿಕ್ವಿಫ್ಯಾಕ್ಷನ್ ಆಗಲು ಮೂರು ಸೇರಬೇಕು: ಸಡಿಲ ಮರಳು ಅಥವಾ ಅಂಟಿಲ್ಲದ ಹೂಳು, ಅದರ ತುಂಬ ನೀರು, ಸಾಕಷ್ಟು ಜೋರಾದ ಅಲುಗಾಟ. ಅಲುಗಿದಾಗ ಮರಳು ಒತ್ತೊತ್ತಾಗಿ ಕೂರಲು ನೋಡುತ್ತದೆ. ನಡುವಿನ ನೀರಿಗೆ ಓಡಿಹೋಗಲು ಹೊತ್ತು ಸಿಗದೆ ಒತ್ತಡ ಏರುತ್ತದೆ. ಕಣಗಳು ಒಂದಕ್ಕೊಂದು ಒರಗುವುದು ನಿಂತಾಗ ಮಣ್ಣಿಗೆ ಬಲವೇ ಉಳಿಯುವುದಿಲ್ಲ. 2011ರ ಫೆಬ್ರವರಿ 22ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಹೀಗೇ ಆಗಿ ಬೀದಿ ಬೀದಿಯಲ್ಲೂ ಬೂದು ಬಣ್ಣದ ಕೆಸರು ಉಕ್ಕಿತು. ಆಮೇಲೆ ಇಡೀ ಬಡಾವಣೆಗಳನ್ನೇ ಖಾಲಿ ಮಾಡಿಸಬೇಕಾಯಿತು.

1971ರಲ್ಲಿ ಸೀಡ್ ಮತ್ತು ಇದ್ರಿಸ್ ಅನ್ನುವ ಇಂಜಿನಿಯರ್‌ಗಳು ಕೊಟ್ಟ ಸರಳ ವಿಧಾನವನ್ನು ತಿದ್ದಿ ಬೆಳೆಸಿ ಇವತ್ತಿಗೂ ಬಳಸುತ್ತಾರೆ. ಭೂಕಂಪ ಮಣ್ಣಿನಿಂದ ಕೇಳುವುದು ಎಷ್ಟು, ಮಣ್ಣು ತಡೆಯುವುದು ಎಷ್ಟು, ಇವೆರಡನ್ನು ತೂಗಿ ನೋಡುತ್ತಾರೆ. 0.65ನ್ನು ನೆಲದ ಗರಿಷ್ಠ ವೇಗೋತ್ಕರ್ಷದ ಪಾಲಿನಿಂದ ಗುಣಿಸಿ, ಒಟ್ಟು ಒತ್ತಡವನ್ನು (ಮೇಲಿನ ಮಣ್ಣು, ನೀರಿನ ಪೂರ್ತಿ ಭಾರ) ಕಣಗಳ ನಡುವಿನ ಒತ್ತಡದಿಂದ (ಅದರಲ್ಲಿ ನೀರಿನ ಒತ್ತಡ ಕಳೆದು ಉಳಿದದ್ದು) ಭಾಗಿಸಿ ಬಂದದ್ದರಿಂದ ಗುಣಿಸಿ, ಕೊನೆಗೆ ಆಳದ ಗುಣಕದಿಂದಲೂ ಗುಣಿಸಿದರೆ ಭೂಕಂಪದ ಬೇಡಿಕೆ ಸಿಗುತ್ತದೆ.

5 ಮೀಟರ್ ಆಳದಲ್ಲಿ ಮರಳಿದೆ, ಮಣ್ಣಿನ ತೂಕ ಘನ ಮೀಟರಿಗೆ 18 ಕಿಲೋನ್ಯೂಟನ್, ವೇಗೋತ್ಕರ್ಷ ಗುರುತ್ವದ 0.2 ಪಾಲು, ಆಳದ ಗುಣಕ 0.96. ಒಟ್ಟು ಒತ್ತಡ 90 ಕಿಲೋಪ್ಯಾಸ್ಕಲ್. ಬೇಸಿಗೆಯಲ್ಲಿ ನೀರು 4 ಮೀಟರ್ ಕೆಳಗಿದ್ದರೆ ಕಣಗಳ ನಡುವಿನ ಒತ್ತಡ ಸುಮಾರು 80, ಬೇಡಿಕೆ 0.14. ಮಳೆಗಾಲದಲ್ಲಿ ನೀರು ಒಂದೂವರೆ ಮೀಟರಿಗೆ ಏರಿದರೆ ಆ ಒತ್ತಡ 56ಕ್ಕೆ ಇಳಿಯುತ್ತದೆ, ಬೇಡಿಕೆ 0.20 ಆಗುತ್ತದೆ. ತಿದ್ದಿದ ಎನ್ 15 ಇರುವ ಶುದ್ಧ ಮರಳು 7.5 ತೀವ್ರತೆಯ ಭೂಕಂಪಕ್ಕೆ ತಡೆಯುವುದು ಸುಮಾರು 0.16. ಅಂದರೆ ಸುರಕ್ಷಾ ಅಂಶ (ತಡೆಯುವುದನ್ನು ಬೇಡಿಕೆಯಿಂದ ಭಾಗಿಸಿದ್ದು, 1ಕ್ಕಿಂತ ಕೆಳಗಾದರೆ ಅಪಾಯ) ಬೇಸಿಗೆಯಲ್ಲಿ 1.14, ಮಳೆಗಾಲದಲ್ಲಿ 0.8. ಅದೇ ಜಾಗ, ಅದೇ ಮರಳು! ಬೇಸಿಗೆಯ ನೀರಿನ ಮಟ್ಟ ಹಿಡಿದು ಬರೆದ ರಿಪೋರ್ಟ್ ಈ ಜಾಗಕ್ಕೆ ಅಪಾಯವಿಲ್ಲ ಅನ್ನುತ್ತಿತ್ತು. ವರ್ಷದಲ್ಲಿ ನೀರು ಎಲ್ಲಕ್ಕಿಂತ ಮೇಲೆ ಬರುವ ಮಟ್ಟವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ತಿದ್ದಿದ ಎನ್ 30 ದಾಟಿದ ಮರಳಿಗೆ ಈ ಭಯ ಇಲ್ಲ. ಸಣ್ಣ ಕಣ ಜಾಸ್ತಿ ಇದ್ದರೆ ಅದೇ ಎನ್‌ಗೆ ತಡೆಯುವ ಶಕ್ತಿ ಸ್ವಲ್ಪ ಹೆಚ್ಚು. ಜರಡಿಯ ಸಂಖ್ಯೆ ಕೇಳಿದ್ದು ಈ ತಿದ್ದುಪಡಿಗೇ.

8. ಯಾವ ಪಾಯ?

ರಿಪೋರ್ಟ್ ಬಂದ ಮೇಲೆ ಎಸ್‌ಬಿಸಿ ಮುಂದೆ ಎರಡು ಪ್ರಶ್ನೆ ಇಡಿ. ಇದು ಮಣ್ಣು ಮುರಿಯುವ ಲೆಕ್ಕದಿಂದ ಬಂದದ್ದೇ, ಇಳಿಯುವ ಲೆಕ್ಕದಿಂದ ಬಂದದ್ದೇ? ಎಷ್ಟು ಅಗಲದ, ಎಷ್ಟು ಆಳದ ಪಾಯಕ್ಕೆ? ಉತ್ತರ ಇಲ್ಲದ ಎಸ್‌ಬಿಸಿಯನ್ನು ಡಿಸೈನ್‌ಗೆ ತೆಗೆದುಕೊಳ್ಳಬೇಡಿ. ಭೂಕಂಪದ ಭಾರ ಸೇರಿಸುವಾಗ ಎಸ್‌ಬಿಸಿಯನ್ನು ಸ್ವಲ್ಪ ಏರಿಸಲು ಹಲವು ಕೋಡ್ ಬಿಡುತ್ತವೆ. ಬಲ ಕಳಕೊಳ್ಳುವ ಮಣ್ಣಿಗೆ ಆ ರಿಯಾಯಿತಿ ಬಳಸಬಾರದು.

ಗಟ್ಟಿ ನೆಲದಲ್ಲಿ ಬಿಡಿ ಫೂಟಿಂಗ್ ಸಾಕು. ಮೆತ್ತನೆ ನೆಲವಾದರೆ ಫೂಟಿಂಗ್‌ಗಳನ್ನು ಎರಡೂ ದಿಕ್ಕಿನಲ್ಲಿ ಟೈ ಬೀಮ್‌ನಿಂದ ಕಟ್ಟಿ, ಒಂದೊಂದು ಒಂದೊಂದು ಕಡೆ ಜಾರದಂತೆ. ನೆಲ ಒಂದೇ ಸಮ ಇಲ್ಲದಿದ್ದರೆ ರಾಫ್ಟ್ ಒಳ್ಳೆಯದು. ಕಟ್ಟಡದ ಅರ್ಧ ಬಂಡೆಯ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ಬರುವಂತಿದ್ದರೆ ಕಟ್ಟಡವನ್ನೇ ಸರಿಸಿ, ಇಲ್ಲವೇ ಪಾಯವನ್ನೆಲ್ಲ ಬಂಡೆಗೇ ಇಳಿಸಿ.

ಮರಳು ನೀರಾಗುವ ಜಾಗಕ್ಕೆ ಎರಡು ದಾರಿ. ಮಣ್ಣನ್ನೇ ಸರಿ ಮಾಡುವುದು ಒಂದು: ಅಲುಗಿಸಿ ಒತ್ತೊತ್ತು ಮಾಡುವುದು (ವೈಬ್ರೊ), ಕಲ್ಲಿನ ಕಂಬ ಇಳಿಸುವುದು, ಸಿಮೆಂಟ್ ಬೆರೆಸುವುದು. ಕೆಲಸ ಮುಗಿದ ಮೇಲೆ ಮತ್ತೆ ಎಸ್‌ಪಿಟಿ ಅಥವಾ ಸಿಪಿಟಿ ಮಾಡಿಸಿ ಸುಧಾರಿಸಿದ್ದು ನಿಜವೇ ಅಂತ ನೋಡಲೇಬೇಕು. ಎರಡನೆಯದು ಪೈಲ್. ಅದು ಆ ಪದರ ದಾಟಿ ಕೆಳಗಿನ ಗಟ್ಟಿ ಪದರಕ್ಕೆ ಕಚ್ಚಬೇಕು. ನೀರಾಗುವ ಪದರದ ಘರ್ಷಣೆಯನ್ನು ಲೆಕ್ಕದಿಂದ ತೆಗೆಯಿರಿ. ಅಲುಗಾಟ ನಿಂತ ಮೇಲೆ ಕುಸಿಯುವ ಮಣ್ಣು ಪೈಲ್ ಅನ್ನು ಕೆಳಕ್ಕೆಳೆಯುತ್ತದೆ, ಅದನ್ನೂ ಸೇರಿಸಿ. ಮೆತ್ತನೆ ಮತ್ತು ಗಟ್ಟಿ ಪದರ ಕೂಡುವ ಕಡೆ ಪೈಲ್ ಜೋರಾಗಿ ಬಾಗುತ್ತದೆ, ಅಲ್ಲಿಯವರೆಗೂ ಕಬ್ಬಿಣ ಬೇಕು. ಮೇಲಿನ ಕೆಲವು ಮೀಟರ್‌ಗೆ ಮಾತ್ರ ಕಬ್ಬಿಣ ಹಾಕಿ ನಿಲ್ಲಿಸಿದರೆ ಸಾಲದು.

9. ಮೇಲಿನ ಕಟ್ಟಡ

2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ 200 ಕಿ.ಮೀ.ಗೂ ಆಚೆ ಇದ್ದ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟ್‌ಗಳು ಕುಸಿದವು. ಅವುಗಳಲ್ಲಿ ಹಲವು ಕೆಳಗಡೆ ಪಾರ್ಕಿಂಗ್‌ಗೆ ಅಂತ ಗೋಡೆಯಿಲ್ಲದೆ ಬಿಟ್ಟಿದ್ದವು. ಮೇಲಿನ ಮಹಡಿಗಳು ಗೋಡೆಗಳಿಂದ ಬಿಗಿ, ಕೆಳಗೆ ಬರೀ ಕಾಲಂ. ಅಲುಗಾಟ ಪೂರ್ತಿ ಆ ಕಾಲಂಗಳ ಮೇಲೇ ಬೀಳುತ್ತದೆ. ಮೆತ್ತನೆ ನೆಲ ಅಂತ ರಿಪೋರ್ಟ್ ಹೇಳಿದ್ದರೆ ಅಂಥ ನಕ್ಷೆಗೆ ಶಿಯರ್ ವಾಲ್ ಇಲ್ಲದೆ ಒಪ್ಪಲೇಬೇಡಿ.

ಕಾಲಂ ಬೀಮ್‌ಗಿಂತ ಬಲವಾಗಿರಲಿ. ಕಾಲಂನ ಎರಡೂ ತುದಿಯಲ್ಲಿ ರಿಂಗ್‌ಗಳು ಒತ್ತೊತ್ತಾಗಿರಲಿ. ರಿಂಗ್‌ನ ಕೊಕ್ಕೆ 135 ಡಿಗ್ರಿ ಬಾಗಿ ಒಳಗಿನ ಕಾಂಕ್ರೀಟಿಗೆ ಹೋಗಬೇಕು. 90 ಡಿಗ್ರಿಗೆ ಬಾಗಿಸಿದ ಕೊಕ್ಕೆ ಹೊರಗಿನ ಕಾಂಕ್ರೀಟ್ ಉದುರಿದ ತಕ್ಷಣ ಬಿಚ್ಚಿಕೊಳ್ಳುತ್ತದೆ. ಪಕ್ಕದ ಕಟ್ಟಡಕ್ಕೆ ಜಾಗ ಬಿಡಿ. ಮೆತ್ತನೆ ನೆಲದಲ್ಲಿ ಕಟ್ಟಡ ಜಾಸ್ತಿ ವಾಲುವುದರಿಂದ ಆ ಅಂತರವೂ ಜಾಸ್ತಿ ಬೇಕು.

10. ಪಾಯ ತೋಡಿದ ದಿನ

ಗುಂಡಿ ತೆಗೆದ ಮೇಲೆ, ಪಿಸಿಸಿ (ಕಬ್ಬಿಣವಿಲ್ಲದ ತಳದ ಕಾಂಕ್ರೀಟ್) ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿದ ಇಂಜಿನಿಯರ್ ಅನ್ನು ಒಂದು ಸಲ ಕರೆಸಿ. ಬೋರ್ ಲಾಗ್ ಕೈಯಲ್ಲಿ ಹಿಡಿದು ಗುಂಡಿಯ ಗೋಡೆಯಲ್ಲಿ ಪದರ ಹೊಂದಿಸಿ ನೋಡಿ. ತಳವನ್ನು ಕಬ್ಬಿಣದ ಸರಳಿನಿಂದ ಅಲ್ಲಲ್ಲಿ ಚುಚ್ಚಿ, ಎಲ್ಲ ಕಡೆ ಒಂದೇ ಥರ ಇಳಿಯುತ್ತದೆಯೇ ಅಂತ ಪರೀಕ್ಷಿಸಿ. ಲಾಗ್‌ನಲ್ಲಿ ಗಟ್ಟಿ ಜೇಡಿ ಅಂತಿದ್ದು ಇಲ್ಲಿ ಹೂಳು ಕಂಡರೆ, ಅಥವಾ ಒಂದು ಮೂಲೆಯಲ್ಲಿ ಮಾತ್ರ ನೀರು ಜಿನುಗುತ್ತಿದ್ದರೆ ಅಲ್ಲೇ ಕೆಲಸ ನಿಲ್ಲಿಸಿ. ಆ ಮೂಲೆಗೆ ಇನ್ನೊಂದು ಬೋರ್ ಹಾಕಿಸಿ. ಮೆತ್ತನೆ ಮಣ್ಣು ತೆಗೆದ ಕಡೆ ಅದೇ ಮಣ್ಣು ತುಂಬಿ ಮುಚ್ಚಲು ಬಿಡಬೇಡಿ, ಬಡ ಕಾಂಕ್ರೀಟ್ (ಸಿಮೆಂಟ್ ಕಡಿಮೆ ಇರುವ ಮಿಶ್ರಣ) ತುಂಬಿಸಿ. ಫೋಟೋ ತೆಗೆದು, ಅಳತೆ ಬರೆದು, ದಿನಾಂಕ ಹಾಕಿ ಬೋರ್ ಲಾಗ್ ಜೊತೆ ಫೈಲ್‌ನಲ್ಲಿ ಇಡಿ. ಮುಂದೆ ಮಹಡಿ ಏರಿಸುವಾಗ ಅಥವಾ ಕಟ್ಟಡ ಬಲಪಡಿಸುವಾಗ ಬರುವ ಇಂಜಿನಿಯರ್ ಮೊದಲು ಕೇಳುವುದು ಆ ಫೈಲನ್ನೇ.